ಟ್ಯಾಂಕ್ ತುಂಬಿದಾಗ ಆ ಒತ್ತಡ ಎಲ್ಲಿಗೆ ಹೋಗುತ್ತದೆ?

(ದಾವಣಗೆರೆಯಲ್ಲಿ ಫ್ಯಾಬ್ರಿಕೇಷನ್ ಕೆಲಸದವರು, ಐಟಿಐ ಮತ್ತು ಡಿಪ್ಲೊಮಾ ಹುಡುಗರು, ಸುಮ್ನೆ ಕುತೂಹಲಕ್ಕೆ ಬಂದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಎಣ್ಣೆ ಕೊಳ, ತುಪ್ಪದ ಕೊಳ ಎಂಬ ಹೆಸರುಗಳು ಗೊತ್ತಿರುತ್ತವೆ. ನೆಲದೊಳಗೆ ಕೊಳ ಮಾಡಿ ಎಣ್ಣೆ ತುಂಬಿದರೆ ಗೋಡೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಣ್ಣೆ ಹೊರಕ್ಕೆ ತಳ್ಳುತ್ತದೆ, ಹಿಂದಿರುವ ನೆಲ ತಡೆಯುತ್ತದೆ. ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ಇದೆ. 1907ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಅಣೆಕಟ್ಟು. 130 ಅಡಿ ನೀರು ನಿಂತಾಗಲೂ ಅದು ತನ್ನ ತೂಕದಿಂದಲೇ ತಡೆದುಕೊಂಡು ನಿಂತಿದೆ. ನೀರಿಗೆ ಅದನ್ನು ಸರಿಸಲು ಆಗುವುದಿಲ್ಲ, ಅಷ್ಟು ಭಾರ.

ಉಕ್ಕಿನ ಟ್ಯಾಂಕಿಗೆ ಈ ಎರಡೂ ಇಲ್ಲ. ಹಿಂದೆ ಬಂಡೆ ಇಲ್ಲ, ತನಗೆ ಅಂಥ ತೂಕವೂ ಇಲ್ಲ. 20 ಮೀಟರ್ ಅಡ್ಡಳತೆ, 10 ಮೀಟರ್ ಎತ್ತರದ ಒಂದು ಟ್ಯಾಂಕ್ ಅಂದುಕೊಳ್ಳಿ. ಉಕ್ಕು ಎಲ್ಲ ಸೇರಿ 70-80 ಟನ್ ಆಗಬಹುದು. ಅದರೊಳಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ (ಮೊಲಾಸಿಸ್) ತುಂಬಿದರೆ ಸುಮಾರು 4,400 ಟನ್. ಇಷ್ಟನ್ನು ಬೆರಳಿನಷ್ಟೂ ದಪ್ಪ ಇಲ್ಲದ ಪ್ಲೇಟು ಹಿಡಿದುಕೊಂಡಿರುತ್ತದೆ. ಹೇಗೆ? ಇವತ್ತು ಇದೊಂದೇ ಪ್ರಶ್ನೆ ಹಿಡಿದು ಹೋಗೋಣ. ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ಹೋದರೆ ಟ್ಯಾಂಕಿನ ಒಂದೊಂದು ಭಾಗ ಯಾಕಿದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಕಾಕಂಬಿಯ ಉದಾಹರಣೆ ಬೇಕಂತಲೇ ತೆಗೆದುಕೊಂಡೆ. ನಮ್ಮ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಮೆಕ್ಕೆಜೋಳ ಜಾಸ್ತಿ ಬೆಳೆಯುವ ಜಿಲ್ಲೆ ನಮ್ಮದು, ಈಗ ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ. ಆ ಕಡೆ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು. ಎಲ್ಲ ಕಡೆ ಟ್ಯಾಂಕ್ ಬೇಕು. ಅವುಗಳಲ್ಲಿ ಕಾಕಂಬಿಯ ಟ್ಯಾಂಕಿಗೆ ಒಂದು ತಕರಾರು ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಗೋಡೆ

ದ್ರವ ಎಷ್ಟು ಆಳವೋ ಅಷ್ಟು ಒತ್ತಡ. ನೀರಾದರೆ 10 ಮೀಟರ್ ಆಳದಲ್ಲಿ ಒಂದು ಚದರ ಮೀಟರಿಗೆ 10 ಟನ್. ಕಾಕಂಬಿ ನೀರಿಗಿಂತ ಸುಮಾರು 1.4 ಪಟ್ಟು ಭಾರ. ಹಾಗಾಗಿ 14 ಟನ್. ಈ ಒತ್ತಡ ಕೆಳಕ್ಕೂ ಇದೆ, ಪಕ್ಕಕ್ಕೂ ಇದೆ.

ಈಗ ಟ್ಯಾಂಕಿನ ತಳದ ಹತ್ತಿರದ ಒಂದು ಮೀಟರ್ ಎತ್ತರದ ಪಟ್ಟಿಯನ್ನು ಮಾತ್ರ ನೋಡಿ. ಅದು 20 ಮೀಟರ್ ಅಗಲದ ಒಂದು ಬಳೆ. ಮನಸ್ಸಿನಲ್ಲೇ ಬಳೆಯನ್ನು ಸರಿಯಾಗಿ ಎರಡು ಹೋಳು ಮಾಡಿ. ಎರಡು ಹೋಳುಗಳನ್ನು ದ್ರವ ದೂರ ತಳ್ಳುತ್ತಿದೆ. ತಳ್ಳುವ ಬಲ ಎಷ್ಟು? 14 ಟನ್ ಗುಣಿಸು 20 ಮೀಟರ್, 280 ಟನ್. ಹೋಳುಗಳನ್ನು ಹಿಡಿದಿಟ್ಟುಕೊಂಡಿರುವುದು ಎರಡು ತುದಿಗಳು. ಒಂದೊಂದು ತುದಿಗೆ 140 ಟನ್.

ಟ್ಯಾಂಕಿನ ಗೋಡೆಯನ್ನು ಒಂದರ ಮೇಲೊಂದು ಪ್ಲೇಟಿನ ಸುತ್ತುಗಳಾಗಿ ಕಟ್ಟುತ್ತಾರೆ. ಅಂದರೆ ತಳದ ಸುತ್ತಿನಲ್ಲಿ ನಿಲುವಾಗಿ ಹಾಕಿದ ವೆಲ್ಡ್‌ನ ಪ್ರತಿ ಮೀಟರಿಗೆ ಸುಮಾರು 140 ಟನ್ ಎಳೆತ. ವೆಲ್ಡರ್ ತಮ್ಮಂದಿರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ತುಂಬಿದ ಲಾರಿಗಳನ್ನು ಸಾಲಾಗಿ ನೇತುಹಾಕಿದಷ್ಟು ಎಳೆತ ಅದು.

ಅಡ್ಡ ವೆಲ್ಡ್‌ಗೆ ಎಷ್ಟು? ಅಡ್ಡ ಜೋಡಣೆ ಹೊರುವುದು ಮೇಲಿನ ಗೋಡೆ ಮತ್ತು ಚಾವಣಿಯ ತೂಕವನ್ನು ಮಾತ್ರ. ಇದೇ ಟ್ಯಾಂಕಿನಲ್ಲಿ ಗೋಡೆಯ ತೂಕವನ್ನು ಸುತ್ತಳತೆಗೆ ಹಂಚಿದರೆ ಮೀಟರಿಗೆ ಅರ್ಧ ಟನ್ ಆಸುಪಾಸು. ಒಂದು ಕಡೆ 140, ಇನ್ನೊಂದು ಕಡೆ ಅರ್ಧ. ನೋಡುವುದಕ್ಕೆ ಎರಡೂ ಒಂದೇ ತರಹದ ವೆಲ್ಡ್. ಅದಕ್ಕೇ ನಿಲುವು ಜೋಡಣೆ ಪೂರ್ತಿ ಒಳಗಿನವರೆಗೆ ಕರಗಿ ಕೂಡಬೇಕು, ಹಿಂದಿನಿಂದ ಗ್ರೈಂಡ್ ಮಾಡಿ ಮತ್ತೆ ತುಂಬಬೇಕು, ಎಕ್ಸ್‌ರೇ ತೆಗೆಯಬೇಕು ಅನ್ನುವುದು. ಒಂದು ಸುತ್ತಿನ ನಿಲುವು ವೆಲ್ಡ್ ಕೆಳಗಿನ ಸುತ್ತಿನ ನಿಲುವು ವೆಲ್ಡ್‌ಗೆ ನೇರ ಬರಬಾರದು, ಇಟ್ಟಿಗೆ ಕೆಲಸದಂತೆ ತಪ್ಪಿಸಿ ಇಡಬೇಕು ಅನ್ನುವುದೂ ಅದಕ್ಕೇ. ಒಂದು ಜೋಡಣೆ ಬಿರಿದರೆ ಬಿರುಕಿಗೆ ಮುಂದಿನ ದಾರಿ ತೆರೆದಿರಬಾರದು.

ದಪ್ಪದ ಲೆಕ್ಕವೂ ಇಲ್ಲೇ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಐಎಸ್ 2062 ಇ250 ದರ್ಜೆಯ ಉಕ್ಕಿನ ಪ್ಲೇಟಿಗೆ, ಎಪಿಐ 650 ಎಂಬ ಅಮೆರಿಕದ ಟ್ಯಾಂಕ್ ಸಂಹಿತೆಯ ರೀತಿಯಲ್ಲಿ ಲೆಕ್ಕ ಹಾಕಿದರೆ, ಈ ಕಾಕಂಬಿ ಟ್ಯಾಂಕಿನ ತಳದ ಸುತ್ತಿಗೆ ಸುಮಾರು 8 ಮಿಮೀ ಬರುತ್ತದೆ. ತುಕ್ಕಿಗೆ ಅಂತ ಬಿಡುವ ಮಿಲಿಮೀಟರುಗಳು ಇದರ ಮೇಲೆ. ಇದೇ ಟ್ಯಾಂಕಿಗೆ ಯಾರಾದರೂ ನೀರಿನ ತೂಕ ಹಿಡಿದು ಲೆಕ್ಕ ಹಾಕಿದರೆ 6 ಮಿಮೀ ಒಳಗೇ ಮುಗಿದುಹೋಗುತ್ತದೆ. ಎರಡೂ ಟ್ಯಾಂಕ್ ಪಕ್ಕಪಕ್ಕ ನಿಂತರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ನಮ್ಮ ದೇಶದ್ದೇ ಐಎಸ್ 803 ಇದೆ, ನಿಲುವು ದುಂಡು ಟ್ಯಾಂಕುಗಳಿಗೆ. ಟೆಂಡರಿನಲ್ಲಿ ಯಾವುದು ಬರೆದಿದೆಯೋ ಅದನ್ನು ಪೂರ್ತಿ ಹಿಡಿಯಬೇಕು. ಅರ್ಧ ಇದು, ಅರ್ಧ ಅದು ಅನ್ನುವ ಆಟ ಬೇಡ.

ಮೇಲೆ ಹೋದಂತೆ ಆಳ ಕಡಿಮೆ, ಒತ್ತಡ ಕಡಿಮೆ, ಪ್ಲೇಟೂ ತೆಳ್ಳಗಾಗುತ್ತದೆ. ಹಾಗಂತ ಕಾಗದದಷ್ಟು ತೆಳ್ಳಗೆ ಮಾಡಲು ಎಪಿಐ ಸಂಹಿತೆ ಬಿಡುವುದಿಲ್ಲ. 15 ಮೀಟರ್ ಒಳಗಿನ ಅಡ್ಡಳತೆಗೆ ಕನಿಷ್ಠ 5 ಮಿಮೀ, 15ರಿಂದ 36 ಮೀಟರಿಗೆ 6 ಮಿಮೀ. ಇದು ದ್ರವಕ್ಕೆ ಅಲ್ಲ, ಗಾಳಿಗೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನೋಡಿದ್ದೀರಲ್ಲ, ಅಂಥ ಕಡೆ ಖಾಲಿ ಟ್ಯಾಂಕ್ ನಿಲ್ಲಿಸಿದರೆ ತುಂಬಿದ ಟ್ಯಾಂಕಿಗಿಂತ ಅದರದ್ದೇ ಭಯ. ತುಂಬಿದಾಗ ಒಳಗಿನ ದ್ರವವೇ ಗೋಡೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಖಾಲಿ ಇದ್ದಾಗ ಗಾಳಿಗೆ ಗೋಡೆ ಒಳಕ್ಕೆ ಮಡಚಿಕೊಳ್ಳಬಹುದು. ಚಾವಣಿ ಇಲ್ಲದ ಟ್ಯಾಂಕಿನ ನೆತ್ತಿಯ ಸುತ್ತ ಒಂದು ಅಗಲವಾದ ಪಟ್ಟಿ ಕೂರಿಸುತ್ತಾರೆ, ಗಾಳಿ ತಡೆಯುವ ಗರ್ಡರ್ ಅದು. ಓಡಾಡಲೂ ಆಗುತ್ತದೆ ಅಂತ ಜನ ಅದನ್ನು ನಡೆದಾರಿ ಅಂದುಕೊಂಡುಬಿಟ್ಟಿದ್ದಾರೆ.

ತಳ ಮತ್ತು ಮೂಲೆ

ತಳದ ಪ್ಲೇಟಿನ ಮೇಲೆ ಚದರ ಮೀಟರಿಗೆ 14 ಟನ್ ಕೂತಿದೆ ಅಂದೆ. ಆದರೂ ಅದು ಬರೀ 6 ಮಿಮೀ. ಯಾಕೆ? ಕೆಳಗೆ ನೆಲ ಇದೆ. ಪ್ಲೇಟ್ ಏನನ್ನೂ ಹೊರುತ್ತಿಲ್ಲ, ಒತ್ತಡವನ್ನು ಹಾಗೇ ನೆಲಕ್ಕೆ ದಾಟಿಸುತ್ತದೆ. ಅದರ ಕೆಲಸ ಸೋರದಂತೆ ಇರುವುದು ಅಷ್ಟೇ. ಅದಕ್ಕೇ ತಳದಲ್ಲಿ ಪ್ಲೇಟಿನ ಮೇಲೆ ಪ್ಲೇಟ್ ಸ್ವಲ್ಪ ಹತ್ತಿಸಿ ಲ್ಯಾಪ್ ವೆಲ್ಡ್ ಮಾಡಿದರೂ ನಡೆಯುತ್ತದೆ.

ಹಾಗಾದರೆ ಹೊರುವುದು ನೆಲ. ಇಲ್ಲಿ ದಾವಣಗೆರೆಯವರು ಹುಷಾರಾಗಬೇಕು. ನಮ್ಮಲ್ಲಿ ಬಹಳ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಟ್ಯಾಂಕ್ ಕೂರಿಸುವ ಹಾಗಿಲ್ಲ. ಎರೆ ಮಣ್ಣನ್ನು ತೆಗೆದು ಗರಸು ತುಂಬಿ, ಪದರ ಪದರವಾಗಿ ದಮ್ಮಸ್ಸು ಮಾಡಿ, ಗೋಡೆ ಕೂರುವ ಜಾಗಕ್ಕೆ ಕಾಂಕ್ರೀಟಿನ ಸುತ್ತುಗೋಡೆ ಕೊಟ್ಟು, ಮೇಲೆ ಮರಳು ಮತ್ತು ಡಾಂಬರು ಬೆರೆಸಿದ ಹಾಸು ಹಾಕುತ್ತಾರೆ. ಆ ಡಾಂಬರು ಕೆಳಗಿನಿಂದ ಬರುವ ತೇವವನ್ನು ತಡೆಯುತ್ತದೆ. ತಳದ ಪ್ಲೇಟ್ ಕೆಳಮೈಯಲ್ಲೇ ತುಕ್ಕು ಹಿಡಿದು ತೂತಾಗುವುದು ಜಾಸ್ತಿ, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಟ್ಯಾಂಕ್ ಒಟ್ಟಾಗಿ ಒಂದೇ ಸಮ ಸ್ವಲ್ಪ ಇಳಿದರೆ ಟ್ಯಾಂಕಿಗೆ ಏನೂ ಆಗುವುದಿಲ್ಲ, ಪೈಪಿನ ಜೋಡಣೆಗೆ ಮಾತ್ರ ತೊಂದರೆ. ಒಂದು ಪಕ್ಕ ಇಳಿದು ಇನ್ನೊಂದು ಪಕ್ಕ ಹಾಗೇ ನಿಂತರೆ ಗೋಡೆ ತಿರುಚಿಕೊಳ್ಳುತ್ತದೆ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್‌ನಲ್ಲಿ ಒಂದು ಡೀಸೆಲ್ ಟ್ಯಾಂಕ್ ಹೀಗೇ ನೆಲ ಕೈಕೊಟ್ಟು ಒಡೆಯಿತು. ಸುಮಾರು 21,000 ಟನ್ ಡೀಸೆಲ್ ಹೊರಗೆ ಹೋಯಿತು. ಅಲ್ಲಿ ಹಿಮದ ನೆಲ, ಇಲ್ಲಿ ಎರೆ ನೆಲ.

ಇಡೀ ಟ್ಯಾಂಕಿನಲ್ಲಿ ನನಗೆ ಅತಿ ಕುತೂಹಲದ ಜಾಗ ಯಾವುದು ಅಂದರೆ ಗೋಡೆ ಮತ್ತು ತಳ ಸೇರುವ ಮೂಲೆ. ಟ್ಯಾಂಕ್ ತುಂಬಿದಾಗ ಗೋಡೆ ಹಿಗ್ಗುತ್ತದೆ. ನಿಜವಾಗಿಯೂ ಹಿಗ್ಗುತ್ತದೆ. ನಮ್ಮ 20 ಮೀಟರ್ ಟ್ಯಾಂಕಿನ ಪ್ಲೇಟಿಗೆ ಪೂರ್ತಿ ಎಳೆತ ಬಿದ್ದಾಗ ಗೋಡೆ ಸುಮಾರು 8 ಮಿಮೀ ಹೊರಕ್ಕೆ ಸರಿಯಬೇಕು. ಆದರೆ ತಳದಲ್ಲಿ ಪ್ಲೇಟ್ ಅದನ್ನು ಹಿಡಿದುಕೊಂಡಿದೆ, ಸರಿಯಲು ಬಿಡುವುದಿಲ್ಲ. ಮೇಲೆ ಸರಿದಿದೆ, ಕೆಳಗೆ ಸರಿದಿಲ್ಲ. ನಡುವೆ ಗೋಡೆ ಬಾಗುತ್ತದೆ. ಟ್ಯಾಂಕ್ ತುಂಬಿದಾಗೆಲ್ಲ ಬಾಗುತ್ತದೆ, ಖಾಲಿ ಆದಾಗ ಮರಳುತ್ತದೆ. ವರ್ಷಗಟ್ಟಲೆ ಇದೇ ನಡೆಯುತ್ತದೆ. ಅದಕ್ಕೇ ಈ ಮೂಲೆಗೆ ಒಳಗೂ ಹೊರಗೂ ವೆಲ್ಡ್. ದೊಡ್ಡ ಟ್ಯಾಂಕುಗಳಲ್ಲಿ ಗೋಡೆಯ ಕೆಳಗೆ ಮಾತ್ರ ದಪ್ಪವಾದ ಬಳೆಯಾಕಾರದ ಪ್ಲೇಟುಗಳು. ಆನ್ಯುಲರ್ ಪ್ಲೇಟ್ ಅಂತ ಡ್ರಾಯಿಂಗಿನಲ್ಲಿ ಇರುತ್ತದಲ್ಲ, ಅದೇ ಇದು. ಅದನ್ನು ಲ್ಯಾಪ್ ಮಾಡುವುದಿಲ್ಲ, ತುದಿಗೆ ತುದಿ ಕೂಡಿಸಿ ಬಟ್ ವೆಲ್ಡ್ ಮಾಡುತ್ತಾರೆ. ಗೋಡೆ ಕೂರುವ ಜಾಗ ಮಟ್ಟಸವಾಗಿರಬೇಕು.

ತೂತು ಕೊರೆದಲ್ಲಿ

ಸುತ್ತ ಒಂದೇ ಸಮ ಹರಿಯುತ್ತಿದ್ದ ಎಳೆತಕ್ಕೆ ನಾವು ಮ್ಯಾನ್‌ಹೋಲ್ ಅಂತ ಒಂದು ದೊಡ್ಡ ತೂತು ಕೊರೆಯುತ್ತೇವೆ. ಎಳೆತ ತೂತನ್ನು ಬಳಸಿಕೊಂಡು ಹೋಗಬೇಕು. ತೂತಿನ ಅಂಚಿನಲ್ಲಿ ಅದು ಗುಂಪುಗೂಡಿ ಸುಮಾರು ಮೂರು ಪಟ್ಟು ಆಗುತ್ತದೆ. ಹಾಗಾಗಿ ತೆಗೆದ ಉಕ್ಕನ್ನು ಪಕ್ಕದಲ್ಲೇ ವಾಪಸ್ ಕೊಡಬೇಕು. ಅದೇ ಆರ್‌ಎಫ್ ಪ್ಯಾಡ್, ತೂತಿನ ಸುತ್ತ ಬಲಕ್ಕೆ ಬೆಸೆಯುವ ಪ್ಲೇಟ್. ಚಂದಕ್ಕೆ ಹಾಕುವ ಪಟ್ಟಿ ಅಲ್ಲ. ನಾಝಲ್ಲಿನ (ಪೈಪ್ ಸೇರಿಸಲು ಗೋಡೆಗೆ ಬೆಸೆದ ಮೂತಿ) ಸುತ್ತ ಎಷ್ಟು ಉಕ್ಕು ಕಳೆದೆವೋ ಅಷ್ಟು ಉಕ್ಕಿನ ಸಾಲ ತೀರಿಸುವುದು.

ಪ್ಯಾಡಿನಲ್ಲಿ ಒಂದು ಸಣ್ಣ ತೂತು ಇರುತ್ತದೆ, 6 ಮಿಮೀ ಆಸುಪಾಸು. ಅದರಲ್ಲಿ ಸ್ವಲ್ಪ ಗಾಳಿ ಕೊಟ್ಟು, ವೆಲ್ಡ್ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡುತ್ತಾರೆ. ಮುಂದೆ ಒಳಗಿನ ವೆಲ್ಡ್ ಸೋರಿದರೆ ಮೊದಲ ಸುದ್ದಿ ಕೊಡುವುದೂ ಆ ತೂತೇ. ಬಹಳ ಕಡೆ ಪೇಂಟ್ ಮಾಡುವಾಗ ಅದನ್ನು ವೆಲ್ಡ್ ಹಾಕಿ ಮುಚ್ಚಿಬಿಡುತ್ತಾರೆ, ನೀಟಾಗಿ ಕಾಣಲಿ ಅಂತ. ಹಾಗೆ ಮಾಡಬೇಡಿ. ಬೇಕಾದರೆ ಗ್ರೀಸ್ ಮೆತ್ತಿ.

ಏಣಿ, ರೇಲಿಂಗು, ಮಟ್ಟ ತೋರಿಸುವ ಗೇಜು ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು: ಏಣಿಯನ್ನು ಗೋಡೆಗೆ ಹಿಡಿಸುವ ಕ್ಲೀಟನ್ನು ನಿಲುವು ವೆಲ್ಡ್ ಮೇಲೆ ಕೂರಿಸಬೇಡಿ.

ಚಾವಣಿ, ಮತ್ತು ಬೇಕಂತಲೇ ಬಿಟ್ಟ ದುರ್ಬಲ ಜಾಗ

ಸಾಮಾನ್ಯ ಟ್ಯಾಂಕಿನ ಚಾವಣಿ 5 ಮಿಮೀ ಪ್ಲೇಟ್, ಸ್ವಲ್ಪ ಇಳಿಜಾರು, ಕೆಳಗೆ ತೊಲೆಗಳು. ಪೆಟ್ರೋಲಿನಂಥ ಬೇಗ ಆವಿಯಾಗುವ ಎಣ್ಣೆಗೆ ತೇಲುವ ಚಾವಣಿ. ಎಣ್ಣೆಯ ಮೇಲೆ ಅದು ತೇಲುತ್ತಾ ಏರುತ್ತದೆ, ಇಳಿಯುತ್ತದೆ. ನಡುವೆ ಆವಿಗೆ ಜಾಗವೇ ಇರುವುದಿಲ್ಲ.

ಎಥನಾಲ್ ಟ್ಯಾಂಕ್ ಕಟ್ಟುವ ಹುಡುಗರು ಒಂದು ವಿಷಯ ಕೇಳಿಸಿಕೊಳ್ಳಬೇಕು. ಚಾವಣಿ ಗೋಡೆಗೆ ಸೇರುವ ಜಾಗದಲ್ಲಿ ಡ್ರಾಯಿಂಗಿನಲ್ಲಿ ಹೊರಗಿನಿಂದ ಮಾತ್ರ ಒಂದು ಸಣ್ಣ ವೆಲ್ಡ್ ತೋರಿಸಿರುತ್ತಾರೆ, 5 ಮಿಮೀ ಮೀರದಂತೆ. ಒಳ್ಳೆಯ ವೆಲ್ಡರ್‌ಗೆ ಅದನ್ನು ನೋಡಿದರೆ ಸಮಾಧಾನ ಆಗುವುದಿಲ್ಲ. "ಇಷ್ಟು ಸಣ್ಣದಾ ಸಾರ್? ಇನ್ನೊಂದು ರನ್ ಹಾಕ್ತೀನಿ, ಗಟ್ಟಿ ಇರ್ಲಿ" ಅನ್ನುತ್ತಾನೆ. ಹಾಕಬಾರದು! ಒಳಗೆ ಆವಿ ಹೊತ್ತಿಕೊಂಡು ಒತ್ತಡ ಒಮ್ಮೆಗೇ ಏರಿದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು. ಚಾವಣಿಯ ಜೋಡಣೆ ಹರಿದರೆ ಒತ್ತಡ ಮೇಲಕ್ಕೆ ಹೋಗುತ್ತದೆ, ಸ್ಪಿರಿಟು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದು ಗಟ್ಟಿಯಾಗಿದ್ದರೆ ತಳದ ಮೂಲೆ ಹರಿಯುತ್ತದೆ, ಅಷ್ಟೂ ನೆಲದ ಮೇಲೆ ಹರಿದು ಉರಿಯುತ್ತದೆ.

ಇನ್ನು ಉಸಿರಾಟ. ಟ್ಯಾಂಕಿನಿಂದ ಗಂಟೆಗೆ 100 ಕಿಲೋಲೀಟರ್ ತೆಗೆದರೆ ಗಂಟೆಗೆ 100 ಘನ ಮೀಟರ್ ಗಾಳಿ ಒಳಗೆ ಬರಬೇಕು. ಬರದಿದ್ದರೆ? ಎಪಿಐ 650 ಸಂಹಿತೆಯ ಸಾದಾ ಟ್ಯಾಂಕ್ ತಡೆದುಕೊಳ್ಳಬೇಕಾದ ಒಳ ಎಳೆತ ಎಷ್ಟು ಗೊತ್ತಾ? 25 ಮಿಮೀ ನೀರಿನಷ್ಟು. ಒಂದು ಇಂಚು! ಕಡಿಮೆ ಅನಿಸುತ್ತದೆ. 20 ಮೀಟರ್ ಅಡ್ಡಳತೆಯ ಚಾವಣಿಯ ಮೇಲೆ ಅದೇ ಸುಮಾರು 8 ಟನ್ ಭಾರ. ಹೊರಕ್ಕೆ ಸಾವಿರಾರು ಟನ್ ತಡೆಯುವ ಟ್ಯಾಂಕು ಒಳಕ್ಕೆ ಇಷ್ಟು ಸುಲಭವಾಗಿ ಸೋಲುತ್ತದೆ. ಪೇಂಟ್ ಮಾಡುವಾಗ ಗಾಳಿಯಾಡುವ ವೆಂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬಿಚ್ಚಲು ಮರೆತು, ಪಂಪ್ ಹಾಕಿದರೆ ಅಷ್ಟೇ ಸಾಕು. ಹಕ್ಕಿ ಗೂಡು ಕಟ್ಟಿದರೂ ಸಾಕು.

ಒತ್ತಡದ ವೆಸಲ್

ಗಾಳಿ, ಹಬೆ, ಅನಿಲ ತುಂಬುವ ವೆಸಲ್‌ನ ಕಥೆ ಬೇರೆ. ಅಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ. ಉದ್ದನೆಯ ವೆಸಲ್‌ನಲ್ಲಿ ಸುತ್ತ ಬೀಳುವ ಎಳೆತ ಉದ್ದಕ್ಕೆ ಬೀಳುವ ಎಳೆತದ ಎರಡರಷ್ಟು. ಮನೆಯ ಗ್ಯಾಸ್ ಸಿಲಿಂಡರನ್ನು ಇವತ್ತು ಹೋಗಿ ನೋಡಿ. 14.2 ಕೆಜಿಯ ಸಿಲಿಂಡರಿನ ಹೊಟ್ಟೆಯ ಸುತ್ತ ಒಂದೇ ಒಂದು ವೆಲ್ಡ್ ಇದೆ. ಮೇಲಿಂದ ಕೆಳಗೆ ನಿಲುವು ವೆಲ್ಡ್ ಇಲ್ಲವೇ ಇಲ್ಲ. ಪ್ಲೇಟನ್ನು ಎರಡು ಬಟ್ಟಲಾಗಿ ಒತ್ತಿ, ಬಾಯಿಗೆ ಬಾಯಿ ಸೇರಿಸಿ ಸುತ್ತ ಬೆಸೆದಿದ್ದಾರೆ. ವೆಲ್ಡ್ ಇರುವುದು ಅರ್ಧ ಎಳೆತ ಬೀಳುವ ಕಡೆ.

ತುದಿಗಳು ಉಬ್ಬಿರುತ್ತವೆ, ಅದೇ ಡಿಶ್ ಎಂಡ್. ಚಪ್ಪಟೆ ತುದಿ ಹಾಕಿದರೆ ಅದು ಬಾಗುತ್ತದೆ, ಬಾಗುವುದನ್ನು ತಡೆಯಲು ಎಷ್ಟು ದಪ್ಪ ಕೊಟ್ಟರೂ ಸಾಲದು. ಉಬ್ಬು ತುದಿ ಬಾಗದೆ ಬರೀ ಹಿಗ್ಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿಗೆ ಹಳೇ ಪೈಪ್ ಕತ್ತರಿಸಿ ಎರಡು ಕಡೆ ಚಪ್ಪಟೆ ಪ್ಲೇಟ್ ಬೆಸೆದು ಕೊಡುವವರು ಇದ್ದಾರೆ. ಅಂಥ ಕೆಲಸ ನನ್ನ ಹತ್ತಿರ ಬಂದರೆ ನಾನು ಮಾಡಿಕೊಡುವುದಿಲ್ಲ. ಇಂಥದ್ದನ್ನು ಕಂಪ್ರೆಸರ್ ಗಾಳಿಯಲ್ಲೇ ಪರೀಕ್ಷೆ ಮಾಡುವುದು ಇನ್ನೂ ಅಪಾಯ. ನೀರು ತುಂಬಿ ಒತ್ತಡ ಕೊಟ್ಟಾಗ ಬಿರಿದರೆ ಸ್ವಲ್ಪ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಹಾಗಲ್ಲ, ಹಿಗ್ಗುತ್ತಾ ಹಿಗ್ಗುತ್ತಾ ತುಂಡುಗಳನ್ನು ಎಸೆಯುತ್ತದೆ. ವೆಸಲ್‌ಗೆ ಸಾಮಾನ್ಯವಾಗಿ ವಿನ್ಯಾಸದ ಒತ್ತಡದ 1.3 ಪಟ್ಟು ನೀರಿನಲ್ಲೇ ಪರೀಕ್ಷೆ.

ಕಟ್ಟುವ ಕೆಲಸ

ಪ್ಲೇಟನ್ನು ರೋಲಿಂಗ್ ಮಷಿನ್‌ಗೆ ಕೊಟ್ಟಾಗ ಎರಡು ತುದಿಗಳು ಸರಿಯಾಗಿ ಬಾಗುವುದಿಲ್ಲ, ನೆಟ್ಟಗೇ ಉಳಿಯುತ್ತವೆ. ಅದಕ್ಕೆ ಮೊದಲೇ ತುದಿ ಬಗ್ಗಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ಪ್ಲೇಟ್ ಸೇರುವಲ್ಲಿ ಮೂಗು ಏಳುತ್ತದೆ. 140 ಟನ್ ಎಳೆತ ಬೀಳುವ ಜಾಗದಲ್ಲೇ ಮೂಗು. ಎಳೆತ ಅದನ್ನು ನೆಟ್ಟಗೆ ಮಾಡಲು ನೋಡುತ್ತದೆ, ವೆಲ್ಡ್ ಬಾಗುತ್ತದೆ. ಅದಕ್ಕೆ ಮೂರಡಿ ಉದ್ದದ ಬಾಗಿದ ಟೆಂಪ್ಲೇಟ್ ಇಟ್ಟು ನೋಡುತ್ತಾರೆ. ಅರ್ಧ ಇಂಚಿಗಿಂತ ಜಾಸ್ತಿ ಸಂದು ಕಂಡರೆ ಪಾಸಿಲ್ಲ.

ತಳದ ಪ್ಲೇಟುಗಳನ್ನು ನಡುವಿನಿಂದ ಹೊರಕ್ಕೆ ಬೆಸೆಯುತ್ತಾ ಬರಬೇಕು. ಅಂಚನ್ನು ಮೊದಲೇ ಬಿಗಿದರೆ ನಡುವೆ ಹಪ್ಪಳದಂತೆ ಉಬ್ಬಿ ಕೂರುತ್ತದೆ. ಗೋಡೆಯಲ್ಲಿ ಒಂದು ಸುತ್ತಿನ ನಿಲುವು ವೆಲ್ಡ್ ಮುಗಿಸಿ ಆಮೇಲೆ ಅಡ್ಡ ವೆಲ್ಡ್. ಈಗ ಬಹಳ ಕಡೆ ಜ್ಯಾಕ್ ಪದ್ಧತಿ ಬಂದಿದೆ. ಚಾವಣಿ ಮತ್ತು ಮೇಲಿನ ಸುತ್ತನ್ನೇ ಮೊದಲು ನೆಲದ ಮೇಲೆ ಕಟ್ಟಿ, ಸುತ್ತ ಜ್ಯಾಕ್ ಇಟ್ಟು ಎತ್ತಿ, ಅದರ ಕೆಳಗೆ ಮುಂದಿನ ಸುತ್ತು ಸೇರಿಸುತ್ತಾ ಹೋಗುವುದು. ವೆಲ್ಡರ್ ಯಾವಾಗಲೂ ನೆಲದ ಹತ್ತಿರವೇ ಇರುತ್ತಾನೆ. ನನಗೆ ಇದೇ ಇಷ್ಟ. 10 ಮೀಟರ್ ಮೇಲೆ ಬಿಸಿಲಲ್ಲಿ ನೇತಾಡುವವನ ಕೈಯಲ್ಲಿ ನೆಲದ ಮೇಲಿನ ವೆಲ್ಡ್ ಬರುವುದಿಲ್ಲ.

7018 ಎಂಬ ವೆಲ್ಡಿಂಗ್ ರಾಡನ್ನು ಓವನ್‌ನಲ್ಲಿ ಕಾಯಿಸಿ, ಬಿಸಿ ಡಬ್ಬಿಯಲ್ಲಿ ಇಟ್ಟುಕೊಂಡು ಬಳಸಬೇಕು. ತೇವ ಹಿಡಿದ ರಾಡಿನಿಂದ ವೆಲ್ಡಿನೊಳಗೆ ಹೈಡ್ರೋಜನ್ ಹೋಗುತ್ತದೆ. ಎಷ್ಟೋ ಹೊತ್ತಿನ ಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ ಬಿರುಕು ಬಿಡುತ್ತದೆ.

ನೀರು ತುಂಬಿ ನೋಡುವುದು

ತಳದ ವೆಲ್ಡ್‌ಗೆ ಸೋಪಿನ ನೀರು ಹಚ್ಚಿ, ಗಾಜಿನ ಪೆಟ್ಟಿಗೆ ಇಟ್ಟು ಗಾಳಿ ಎಳೆದು ಗುಳ್ಳೆ ನೋಡುತ್ತಾರೆ. ಒಂದು ಕಡೆ ಸುಣ್ಣ ಬಳಿದು ಇನ್ನೊಂದು ಕಡೆ ಸೀಮೆಎಣ್ಣೆ ಹಚ್ಚಿ ಒದ್ದೆ ಕಲೆ ಬರುತ್ತದಾ ಅಂತ ನೋಡುವುದು ನಮ್ಮ ವರ್ಕ್‌ಶಾಪುಗಳ ಹಳೇ ಪದ್ಧತಿ, ಅದೂ ಒಳ್ಳೆಯದೇ. ಇವೆಲ್ಲ ಸೋರುವುದನ್ನು ಹೇಳುತ್ತವೆ. ತಡೆಯುತ್ತದಾ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ನೀರೇ ತುಂಬಬೇಕು. ಪೂರ್ತಿ ಎತ್ತರಕ್ಕೆ ತುಂಬಿ 24 ಗಂಟೆ ಬಿಟ್ಟು, ಗೋಡೆಯ ಬುಡದಲ್ಲಿ ಸುತ್ತ ಗುರುತು ಮಾಡಿ ನೆಲ ಎಷ್ಟು ಇಳಿಯಿತು ಅಂತ ಅಳೆಯಬೇಕು.

ಅಮೆರಿಕದ ಬಾಸ್ಟನ್‌ನಲ್ಲಿ 1915ರಲ್ಲಿ ಒಂದು ಕಾಕಂಬಿ ಟ್ಯಾಂಕ್ ಕಟ್ಟಿದರು. 50 ಅಡಿ ಎತ್ತರ, 90 ಅಡಿ ಅಡ್ಡಳತೆ. ಉಸ್ತುವಾರಿ ನೋಡಿಕೊಂಡವರು ಕಂಪನಿಯ ಹಣಕಾಸಿನವರು, ಎಂಜಿನಿಯರ್ ಅಲ್ಲ. ಪ್ಲೇಟ್ ಇರಬೇಕಾದ್ದಕ್ಕಿಂತ ತೆಳ್ಳಗಿತ್ತು. ಪರೀಕ್ಷೆಗೆ ಅಂತ ತುಂಬಿದ್ದು ಬರೀ 6 ಇಂಚು ನೀರು. ರಿವೆಟ್ ಹಾಕಿದ ಸಂದುಗಳಿಂದ ಕಾಕಂಬಿ ಮೊದಲಿನಿಂದಲೂ ಸೋರುತ್ತಿತ್ತು, ಓಣಿಯ ಮಕ್ಕಳು ಬಂದು ತುಂಬಿಕೊಂಡು ಹೋಗುತ್ತಿದ್ದರು. ಕಂಪನಿ ಏನು ಮಾಡಿತು? ಸೋರಿದ್ದು ಕಾಣದಂತೆ ಟ್ಯಾಂಕಿಗೆ ಕಂದು ಬಣ್ಣ ಬಳಿಯಿತು. 1919ರ ಜನವರಿ 15ರ ಮಧ್ಯಾಹ್ನ ಟ್ಯಾಂಕ್ ಬಾಯಿಬಿಟ್ಟಿತು. 21 ಜನ ಸತ್ತರು, ಸುಮಾರು 150 ಜನರಿಗೆ ಗಾಯ. ತಳದ ಹತ್ತಿರದ ಮ್ಯಾನ್‌ಹೋಲಿನ ಪಕ್ಕದಲ್ಲಿ ಬಿರುಕು ಶುರುವಾಗಿರಬೇಕು ಅನ್ನುವುದು ತಜ್ಞರ ಅಂದಾಜು. ತಳದ ಸುತ್ತು, ತೂತಿನ ಅಂಚು. ಇಷ್ಟು ಹೊತ್ತು ಮಾತಾಡಿದ ಜಾಗಗಳೇ.

ಮೊದಲೇ ಹೇಳಿದ ಕಾಕಂಬಿಯ ತಕರಾರು ಈಗ. ನೀವು ನಿಯತ್ತಾಗಿ ಪೂರ್ತಿ ಎತ್ತರಕ್ಕೆ ನೀರು ತುಂಬಿದಿರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಟ್ಯಾಂಕಿನ ಮೇಲೆ ಬಿದ್ದದ್ದು ಕಾಕಂಬಿಯ ಒತ್ತಡದ ಶೇ. 70 ಮಾತ್ರ! ಎಣ್ಣೆ, ಎಥನಾಲ್ ನೀರಿಗಿಂತ ಹಗುರ, ಅಲ್ಲಿ ನೀರಿನ ಪರೀಕ್ಷೆಯೇ ಕಠಿಣ ಪರೀಕ್ಷೆ. ಕಾಕಂಬಿಯಲ್ಲಿ ತಿರುಗುಮುರುಗು. ಮೊದಲ ಸಲ ಕಾಕಂಬಿ ಪೂರ್ತಿ ತುಂಬಿದ ದಿನವೇ ಟ್ಯಾಂಕಿಗೆ ನಿಜವಾದ ಪರೀಕ್ಷೆ. ಆದ್ದರಿಂದ ಇಂಥ ಟ್ಯಾಂಕಿಗೆ ನಿಲುವು ವೆಲ್ಡ್‌ಗಳ ಎಕ್ಸ್‌ರೇ ಜಾಸ್ತಿ ಬೇಕು. ಮೊದಲ ಸೀಸನ್ನಿನಲ್ಲಿ ನಿಧಾನಕ್ಕೆ, ಹಂತ ಹಂತವಾಗಿ ತುಂಬಬೇಕು. ನೆಲದ ಅಳತೆ ಆಗಲೂ ತೆಗೆಯಬೇಕು. ಯಾಕಂದರೆ ನೆಲವೂ ಪೂರ್ತಿ ಭಾರ ನೋಡುವುದು ಆಗಲೇ.

ಪ್ರಶ್ನೆಗಳು

ಒಬ್ಬರು ಗುತ್ತಿಗೆದಾರರು ಎದ್ದು ನಿಂತು ಕೇಳಿದರು: "ಸಾರ್, ಹೇಳೋದೆಲ್ಲ ಸರಿ. ನೀರು ಎಲ್ಲಿಂದ ತರೋಣ?" ಸಭೆಯಲ್ಲಿ ನಗು. ನ್ಯಾಯವಾದ ಪ್ರಶ್ನೆ. ನಾವು ಲೆಕ್ಕ ಹಾಕಿದ ಟ್ಯಾಂಕಿಗೆ 31 ಲಕ್ಷ ಲೀಟರ್ ಬೇಕು, 10-12 ಸಾವಿರ ಲೀಟರಿನ ಟ್ಯಾಂಕರಾದರೆ ಮುನ್ನೂರರ ಹತ್ತಿರ. ಚಿತ್ರದುರ್ಗ, ಚಳ್ಳಕೆರೆ ಕಡೆ ಬೇಸಿಗೆಯಲ್ಲಿ ಕೇಳಿದರೆ ಜನ ಹೊಡೆಯಲು ಬರುತ್ತಾರೆ. ಆದರೆ ದಾರಿ ಇದೆ. ಕಬ್ಬಿನಲ್ಲಿ ಸುಮಾರು ಶೇ. 70 ನೀರೇ. ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ರಸ ಕುದಿಸಿದ ಹಬೆ ತಣಿದು ನೀರಾಗಿ ಬೇಕಾದಷ್ಟು ಉಳಿಯುತ್ತದೆ. ಟ್ಯಾಂಕ್ ಕೆಲಸದ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ನಾಲ್ಕು ಟ್ಯಾಂಕ್ ಇದ್ದರೆ ಒಂದರ ನೀರನ್ನು ಇನ್ನೊಂದಕ್ಕೆ ಪಂಪ್ ಮಾಡುತ್ತಾ ಹೋಗಬೇಕು. ನೀರಿಲ್ಲ ಅಂತ ಅರ್ಧ ತುಂಬಿ ಸರ್ಟಿಫಿಕೇಟಿನಲ್ಲಿ ಪೂರ್ತಿ ಅಂತ ಬರೆಯುವುದು ಬೇಡ. ಒಂದು ಎಚ್ಚರಿಕೆ: ಸ್ಟೇನ್‌ಲೆಸ್ ಸ್ಟೀಲ್ ವೆಸಲ್‌ಗೆ ನಮ್ಮ ಬೋರಿನ ಉಪ್ಪು ನೀರು ತುಂಬಿ ದಿನಗಟ್ಟಲೆ ಬಿಡಬೇಡಿ. ಕ್ಲೋರೈಡು ಉಕ್ಕನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ನೀರು ಪರೀಕ್ಷೆ ಮಾಡಿಸಿ, ಕೆಲಸ ಮುಗಿದ ಕೂಡಲೇ ಖಾಲಿ ಮಾಡಿ ಒಣಗಿಸಿ.

ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಕೇಳಿದ್ದು ಟ್ಯಾಂಕಿನೊಳಗೆ ಇಳಿಯುವ ಬಗ್ಗೆ. ಕಾಕಂಬಿ ಹುದುಗುತ್ತದೆ ತಂಗಿ, ಇಂಗಾಲದ ಡೈಆಕ್ಸೈಡು ತಳದಲ್ಲಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇಳಿದವನು ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯಲ್ಲಿ 36ನೇ ಸೆಕ್ಷನ್ ಇದ್ದದ್ದೇ ಇದಕ್ಕೆ. ಗಾಳಿ ಅಳೆಯದೆ, ಹಗ್ಗ ಮತ್ತು ಬೆಲ್ಟ್ ಇಲ್ಲದೆ, ಹೊರಗೆ ಒಬ್ಬ ಕಾವಲಿಲ್ಲದೆ ಇಳಿಸುವ ಹಾಗಿಲ್ಲ. ಒಳಗೆ ಒಯ್ಯುವ ಲೈಟು 24 ವೋಲ್ಟ್ ಮೀರಬಾರದು.

ಕೊನೆಯ ಪ್ರಶ್ನೆ ಹಳೇ ಟ್ಯಾಂಕಿನದು. ಮುಚ್ಚಿದ ಕಾರ್ಖಾನೆಯ ಟ್ಯಾಂಕ್ ಅಗ್ಗಕ್ಕೆ ಸಿಗುತ್ತದೆ, ಬಿಚ್ಚಿ ತಂದು ಕಟ್ಟಬಹುದಾ? ಕಟ್ಟಬಹುದು. ಆದರೆ 1988ರ ಜನವರಿ 2ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ ಹೀಗೇ ಬೇರೆ ಊರಿನಿಂದ ಬಿಚ್ಚಿ ತಂದು ಕಟ್ಟಿದ್ದ, ನಲವತ್ತು ವರ್ಷ ಹಳೆಯ ಡೀಸೆಲ್ ಟ್ಯಾಂಕು ಮೊದಲ ಸಲ ಪೂರ್ತಿ ತುಂಬುತ್ತಿರುವಾಗಲೇ ಮೇಲಿಂದ ಕೆಳಗೆ ಸೀಳಿತು. ವೆಲ್ಡ್ ಪಕ್ಕದ ಪ್ಲೇಟಿನಲ್ಲಿ ಹಳೆಯ ದೋಷ ಇತ್ತು. ಅಲ್ಲೂ ಪೂರ್ತಿ ಎತ್ತರಕ್ಕೆ ನೀರು ತುಂಬಿ ನೋಡಿರಲಿಲ್ಲ. ಡೀಸೆಲ್ ಅಲೆ ಸುತ್ತಲಿನ ಒಡ್ಡನ್ನೂ ಹಾರಿ ನದಿಗೆ ಹೋಯಿತು.

ಹಾಗಾಗಿ ಹಳೇ ಪ್ಲೇಟ್ ತಂದರೆ ಮೊದಲು ಅದು ಯಾವ ಉಕ್ಕು ಅಂತ ಗೊತ್ತಿರಬೇಕು. ಕಾಗದ ಇಲ್ಲದಿದ್ದರೆ ಒಂದು ತುಂಡು ಲ್ಯಾಬಿಗೆ ಕಳಿಸಿ. ಗೇಜ್ ಇಟ್ಟು ದಪ್ಪ ಅಳೆಯಿರಿ, ಎರಡು ಕಡೆ ಅಲ್ಲ, ಪ್ರತಿ ಪ್ಲೇಟಿನಲ್ಲೂ ಹಲವು ಕಡೆ. ಹಳೇ ವೆಲ್ಡನ್ನೂ ಅದರ ಪಕ್ಕ ಕಾವು ತಿಂದ ಪಟ್ಟಿಯನ್ನೂ ಕತ್ತರಿಸಿ ಬಿಸಾಕಿ. ಅಷ್ಟು ಸುತ್ತಳತೆ ಕಡಿಮೆ ಆದರೂ ಪರವಾಗಿಲ್ಲ. ತಳಕ್ಕೆ ಮಾತ್ರ ಹೊಸ ಪ್ಲೇಟೇ ಹಾಕಿ. ನಾಝಲ್ ತೆಗೆದ ಹಳೇ ತೂತಿಗೆ ಚೌಕದ ತೇಪೆ ಹಾಕಬೇಡಿ, ಮೂಲೆ ದುಂಡಗಿರಲಿ. ಎಲ್ಲ ಆದ ಮೇಲೆ ಪೂರ್ತಿ ಎತ್ತರಕ್ಕೆ ನೀರು. ಮತ್ತೆ ಆ ನೀರು ಬಿಡುವಾಗ ಮೇಲಿನ ಮ್ಯಾನ್‌ಹೋಲ್ ತೆಗೆದಿಟ್ಟಿದ್ದೀರಾ ಅಂತ ಒಬ್ಬರು ಹತ್ತಿ ನೋಡಿಕೊಂಡು ಬಂದು, ಆಮೇಲೆ ವಾಲ್ವ್ ತಿರುಗಿಸಿ.